ಜೊತೆಗೆ ಯಾರಿದ್ದಾರೆ?

ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಆನ್‌ಲೈನ್ ಗುಂಪು ಸೇರುತ್ತಿತ್ತು. ಬೇರೆ ಬೇರೆ ಆಸ್ಪತ್ರೆಗಳಿಗೆ ಹಂಚಿಹೋದ ಎಂಟು ಜನ ತರಬೇತಿ ವೈದ್ಯರು, ಕಲಿಸಲು ನಾನು. ಐವತ್ತು ನಿಮಿಷ ಪಾಠ, ಕೊನೆಯ ಹತ್ತು ನಿಮಿಷ ಅವರ ಕ್ಷೇಮ ವಿಚಾರಿಸಬೇಕು ಎಂದು ಪ್ರಾಂಶುಪಾಲರ ಸುತ್ತೋಲೆ. ಆ ಹತ್ತು ನಿಮಿಷವನ್ನೂ ಪಾಠವೇ ನುಂಗುತ್ತಿತ್ತು. ಗೋಳು ತೋಡಿಕೊಳ್ಳಲು ಇದೇನು ಹರಟೆಕಟ್ಟೆಯೇ? ಏನಿದ್ದರೂ ಕೇಸಿನ ರೂಪದಲ್ಲಿ ಹೇಳಿ ಎಂದು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದೆ. "ನಾನು ಫೋನ್ ಮಾಡಿದ್ರೂ ನೀನು ಕೇಸ್ ಶೀಟ್ ತುಂಬ್ತೀಯಮ್ಮ" ಎಂದು ನನ್ನ ಮಗಳೇ ಆಡಿಕೊಳ್ಳುತ್ತಾಳೆ.

ಆ ಶನಿವಾರ ಅವರಲ್ಲೊಬ್ಬಳು ರಾಜೀನಾಮೆ ಬರೆದು, ಸಹಿ ಹಾಕಿ, ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು. ಐದಕ್ಕೆ ಕಚೇರಿ ಮುಚ್ಚುವುದರೊಳಗೆ ಕೊಟ್ಟು, ವೈದ್ಯಕೀಯಕ್ಕೇ ಕೈಮುಗಿದು ಹೋಗುವವಳಿದ್ದಳು. ನಮಗೆ ಗೊತ್ತಿರಲಿಲ್ಲ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗುಂಪಿನಲ್ಲಿ ಅವಳಿಗೆ ಮೌನಿ ಎಂದು ಹೆಸರು. ಮೂರು ತಿಂಗಳಿಂದ ಅವಳ ಕ್ಯಾಮೆರಾ ಬಂದ್. ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದಳು, ನಾನೂ ನಂಬಿದ್ದೆ.

ಅಂದು ತಾನಾಗಿಯೇ ಬಾಯಿಬಿಟ್ಟಳು. "ಮೇಡಂ, ಒಂದು ಕೇಸ್ ಇದೆ."

"ಹೇಳಮ್ಮ."

"ಇಪ್ಪತ್ತಾರು ವರ್ಷದ ಹೆಂಗಸು. ಎರಡು ತಿಂಗಳಲ್ಲಿ ಆರು ಕೆಜಿ ಇಳಿದಿದಾರೆ. ನಿದ್ದೆ ಇಲ್ಲ, ಊಟ ಸೇರಲ್ಲ. ಕೈ ನಡುಗುತ್ತೆ. ಕೆಲಸದ ಮಧ್ಯೆ ಸುಮ್‌ಸುಮ್ನೆ ಅಳು ಬರುತ್ತೆ."

"ಥೈರಾಯ್ಡ್" ಎಂದಳು ಗುಂಪಿನ ಕಿರಿಯಳು. ಬೆರಳು ಮುರಿದುಕೊಂಡು ಬಂದವರಲ್ಲೂ ಅವಳಿಗೆ ಅದೇ ಕಾಣುತ್ತಿದ್ದುದರಿಂದ ಅವಳಿಗೂ ಅದೇ ಹೆಸರು ಅಂಟಿತ್ತು. ಈ ಸಲ ಯಾರೂ ನಗಲಿಲ್ಲ, ಸರಿಯಿದ್ದರೂ ಇರಬಹುದಿತ್ತು. ಒಬ್ಬ ಕ್ಷಯ ಎಂದ, ಇನ್ನೊಬ್ಬ ಸಕ್ಕರೆ ಕಾಯಿಲೆ ಎಂದ. ರಕ್ತಪರೀಕ್ಷೆ ಕೇಳಿದರೆ "ಎಲ್ಲ ನಾರ್ಮಲ್" ಎಂದಳು ಮೌನಿ. ಅರ್ಧ ಗಂಟೆ ನಾಮುಂದು ತಾಮುಂದು ಎಂದು ಕಿತ್ತಾಡಿದರು. ನನಗೋ ಖುಷಿಯೋ ಖುಷಿ. ಇಷ್ಟು ಒಳ್ಳೆಯ ಪಾಠ ಆಗಿ ಎಷ್ಟು ಕಾಲವಾಗಿತ್ತು.

ಕೇಸು ಮುಗಿಸುವ ಮೊದಲು ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಮನೆಗೆ ಹೋದ ರೋಗಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಲು ಯಾರಾದರೂ ಬೇಕಲ್ಲ.

"ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ ಮೇಡಂ."

"ಯಾರೂ ಇಲ್ಲ ಅಂದ್ರೆ? ಯಾವ ವಾರ್ಡಲ್ಲಿದ್ದಾರೆ?"

"ವಾರ್ಡಲ್ಲಿಲ್ಲ. ಹಾಸ್ಟೆಲಲ್ಲಿ. ಮೂರನೇ ಮಹಡಿ."

ಇಪ್ಪತ್ತೆಂಟು ವರ್ಷದ ಅನುಭವ ಎಂದು ಬೀಗುವವಳಿಗೆ ಕಣ್ಣೆದುರಿನ ರೋಗಿ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೂ ಬಾಯಿಗೆ ಬಂದದ್ದು "ಕೌನ್ಸೆಲರ್ ನಂಬರ್ ಕಳಿಸ್ತೀನಿ" ಎಂಬ ಮಾತು. ಅಷ್ಟರಲ್ಲಿ ನೋಡಿದರೆ ಥೈರಾಯ್ಡಿನ ಕುರ್ಚಿ ಖಾಲಿ. ಇಂಥ ಹೊತ್ತಿನಲ್ಲಿ ಎದ್ದು ಹೋದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಎರಡು ನಿಮಿಷವಾಗಿರಬಹುದು. ಮೌನಿಯ ಕಪ್ಪು ಚೌಕದೊಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳಿತು.

"ಅಕ್ಕಾ, ಬಾಗಿಲು ತೆಗಿ. ನಾನು, ಕೆಳಗಿನ ಮಹಡಿಯವಳು."

ಚಿಲಕ ಸರಿಯಿತು. ಆಮೇಲೆ ಬಿಕ್ಕಿ ಬಿಕ್ಕಿ ಅಳುವುದು. ನಾವು ಕೇಳುತ್ತ ಕೂತೆವು. ಇಬ್ಬರೂ ಒಂದೇ ಆಸ್ಪತ್ರೆಯ ಹಾಸ್ಟೆಲಿನವರು, ಆದರೆ ಪಾಳಿ ಬೇರೆ. ತಿಂಗಳುಗಟ್ಟಲೆ ಮುಖ ನೋಡಿರಲಿಲ್ಲವಂತೆ.

ಕ್ಯಾಮೆರಾ ಆನ್ ಆಯಿತು. ಮೌನಿಯ ಕೊರಳಪಟ್ಟಿ ಸಡಿಲವಾಗಿ ಜೋತಿತ್ತು. ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಥೈರಾಯ್ಡಿನ ಕೈಯಲ್ಲಿ ಮಡಿಸಿದ ಕಾಗದ.

"ರಾಜೀನಾಮೆ ಮೇಡಂ. ಇವತ್ತು ಕೊಡಲ್ಲ ಅಂತ ಒಪ್ಪಿದಾಳೆ. ನಿಮ್ಮ ಆ ನಂಬರಿಗೆ ಇಬ್ರೂ ಕೂತೇ ಫೋನ್ ಮಾಡ್ತೀವಿ." ಕಾಗದವನ್ನು ಜೇಬಿಗೆ ಸೇರಿಸಿದಳು. "ಕೇಸ್ ಶೀಟಲ್ಲಿ ಒಂದು ತಿದ್ಕೊಳ್ಳಿ. ಜೊತೆಗೆ ನಾನಿದ್ದೀನಿ."

ತಿದ್ದಿಕೊಂಡೆ. ನಾಲ್ಕಾಗಲು ಇನ್ನೂ ಹತ್ತು ನಿಮಿಷವಿತ್ತು. ಅಂದು ನಾನು ಪಾಠ ಮುಂದುವರಿಸಲಿಲ್ಲ.