ಎರಡು ಬೆರಳಿನ ಸಂದು

ಚಟ್, ಇದು ಸರಿಯಾಗಿ ಮುರಿಯಿತು, ಒಣಕಡ್ಡಿ ಮುರಿದ ಹಾಗೆ, ಮುಂದಿನದು, ಚಟ್, ಇದೂ ಸರಿ, ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಮುರಿಯುವುದಕ್ಕೆ ಈ ಕಾರ್ಖಾನೆಯಲ್ಲಿ ಸಂಬಳ ಕೊಡುತ್ತಾರೆ ಅಂತ ಮೊದಲ ಸಲ ಹೇಳಿದಾಗ ನನ್ನ ಗಂಡ ಫೋನಿನಲ್ಲಿ ಎಷ್ಟು ಹೊತ್ತು ನಕ್ಕಿದ್ದ, ನಮ್ಮ ದ್ವೀಪದಲ್ಲಿ ನಿನಗೆ ಈ ಕೆಲಸ ಸಿಗ್ತಿರಲಿಲ್ಲ ಬಿಡು, ಇಲ್ಲಿ ಬಿಸ್ಕತ್ತು ಮುರಿಯಲ್ಲ, ಬಗ್ಗುತ್ತೆ, ನಿಜವೇ, ಅಲ್ಲಿ ಪೊಟ್ಟಣ ಒಡೆದು ಚಹಾ ಸೋಸುವಷ್ಟರಲ್ಲಿ ಬಿಸ್ಕತ್ತು ಹಳೇ ಚಪ್ಪಲಿಯ ಹಾಗೆ ಮೆತ್ತಗಾಗಿರುತ್ತಿತ್ತು, ಉಪ್ಪು ಡಬ್ಬಿಯಲ್ಲೇ ಕಲ್ಲಾಗಿ ಕೂತಿರುತ್ತಿತ್ತು, ಬೆಂಕಿಕಡ್ಡಿ ಗೀರಿದರೆ ತಲೆ ಕಳಚಿ ನೆಲಕ್ಕೆ, ಒಗೆದ ಲಂಗ ಮೂರು ದಿನ ಹಗ್ಗದ ಮೇಲೆ ಯೋಚನೆ ಮಾಡುತ್ತಾ ಕೂರುತ್ತಿತ್ತು, ಇಲ್ಲಿ ಹಿಂಡಿ ಹಾಕಿ ತಿರುಗುವುದರೊಳಗೆ ಟವೆಲ್ಲು ರಟ್ಟಿನ ಹಾಗೆ ಸೆಟೆದುಕೊಂಡಿರುತ್ತದೆ, ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಬಹುದು, — ನಗಬಾರದಿತ್ತು, ತುಟಿ ಮತ್ತೆ ಒಡೆಯಿತು, ನಾಲಿಗೆಗೆ ರಕ್ತದ ಉಪ್ಪು, ಈ ಊರಿನಲ್ಲಿ ನನಗೆ ಸಿಗುವ ಸಮುದ್ರ ಇಷ್ಟೇ. ಏನ್ ಸಮುದ್ರದಕ್ಕ, ನಿಮ್ಮ ಮೇಜಿನ ಡ್ರಾ ಮತ್ತೆ ಬಾಯಿ ಬಿಟ್ಕೊಂಡಿದೆಯಲ್ಲ, ಓವನ್ ಮೇಸ್ತ್ರಿ ಮೊಣಕಾಲು ಉಜ್ಜಿಕೊಳ್ಳುತ್ತಿದ್ದಾನೆ, ನಿಮ್ಮೂರಲ್ಲಿ ಏನೂ ಮುಚ್ಚೋ ಅಭ್ಯಾಸವೇ ಇಲ್ವಾ, ಬಾಯಿ ಒಂದು ಬಿಟ್ಟು, — ಮುಚ್ಚಬೇಕು, ಹೌದು, ಇಲ್ಲಿ ಮುಚ್ಚಬಹುದು, ಈ ಒಣ ಹವೆಯಲ್ಲಿ ಮರ ಕುಗ್ಗಿ ಕುಗ್ಗಿ ಡ್ರಾ ತನ್ನ ಗೂಡಿನೊಳಗೆ ಅಜ್ಜನ ಹಲ್ಲಿನ ಹಾಗೆ ಅಲ್ಲಾಡುತ್ತದೆ, ಆದರೂ ಕೈ ಎರಡು ಬೆರಳು ಬಿಟ್ಟೇ ನಿಲ್ಲುತ್ತದೆ, ಮೂರು ವರ್ಷವಾದರೂ ಕೈಗೆ ಊರು ಬದಲಾಗಿದ್ದು ಗೊತ್ತಾಗಿಲ್ಲ. ಚಟ್. ಗಾಜಿನ ಬಾಗಿಲಿನಾಚೆಯಿಂದ ಮೇಡಂ ಬರುತ್ತಿದ್ದಾರೆ, ರಜೆ ಇಲ್ಲ ಅಂದುಬಿಡಲಿ, ಅಂದುಬಿಟ್ಟರೆ ಅವನಿಗೆ ಹೇಳುವುದಕ್ಕೆ ಒಂದು ಮಾತು ಸಿಕ್ಕ ಹಾಗಾಗುತ್ತದೆ, ನೋಡು ನಾನೇನು ಮಾಡಲಿ, ಬಿಡಲ್ಲ ಅಂತಾರೆ, — ಹೋಗಿ ಬಾರಮ್ಮ, ಮಳೆಗಾಲ ಪೂರ್ತಿ ಮುಗಿಸ್ಕೊಂಡೇ ಬಾ, ನಿನ್ನಂಥ ಕಿವಿ ಇಲ್ಲಿ ಯಾರಿಗೂ ಇಲ್ಲ, ನಿನ್ನ ಜಾಗ ಎಲ್ಲಿಗೂ ಹೋಗಲ್ಲ, ಗಂಡನ್ನ ನೋಡಿ ಎಷ್ಟು ದಿನ ಆಯ್ತೋ ಏನೋ ಪಾಪ. ಥ್ಯಾಂಕ್ಸ್ ಮೇಡಂ. ಒಳ್ಳೆಯವರು. ಇವತ್ತೇ ಇಷ್ಟು ಒಳ್ಳೆಯವರಾಗಬೇಕಿತ್ತಾ.

ಬಸ್ಸಿನ ಕಿಟಕಿಯಿಂದ ಗಾಳಿ ಅಲ್ಲ, ಧೂಳು ಬೆರೆತ ಬಿಸಿ, ಒಲೆಯ ಬಾಗಿಲು ತೆಗೆದು ಹಿಡಿದ ಹಾಗೆ, ಕಂಡಕ್ಟರ್ ನೀರಿನ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಹೋಗಿ ಮುಂದೆ ಹೋಗಿ ಅನ್ನುತ್ತಿದ್ದಾನೆ, ಎಲ್ಲಿಗೆ ಹೋಗುವುದು ಮುಂದೆ, ಸಂಜೆಯ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ದಡ, ದಡದಿಂದ ಲಾಂಚು, ನಾಳೆ ಬೆಳಗಿನದೇ ಕೊನೆಯದು, ಓಡಿಸುವವನೂ ಅವನೇ, ಆಮೇಲೆ ಮಳೆಗಾಲ ಮುಗಿಯುವ ತನಕ ಸಮುದ್ರ ಬಂದ್, ಯಾರೂ ಬರುವ ಹಾಗಿಲ್ಲ, ಯಾರೂ ಹೋಗುವ ಹಾಗಿಲ್ಲ, ಈ ಸಲವಾದರೂ ಬಂದುಬಿಡು, ಅಂದಿದ್ದ ಹೋದ ವಾರ, ಬೇಡಿಕೊಳ್ಳುವ ದನಿಯಲ್ಲಲ್ಲ, ಹವೆಯ ಸುದ್ದಿ ಹೇಳುವ ದನಿಯಲ್ಲಿ, ನಾವಿಬ್ಬರೂ ಈಗ ಎಲ್ಲವನ್ನೂ ಅದೇ ದನಿಯಲ್ಲಿ ಹೇಳುತ್ತೇವೆ, ಅಲ್ಲಿ ಹೇಗಿದೆ, ಒಣಗಿದೆ, ನಿಮ್ಮಲ್ಲಿ, ಇಲ್ಲಿ ಬೆವರು ಬತ್ತಲ್ಲ, ಗಾಳಿ ತೆಂಕಣದಿಂದ ತಿರುಗಿದೆ, ಹೌದಾ, ಹೂಂ, ಇಬ್ಬರು ಗಂಡಹೆಂಡಿರು ಅಲ್ಲ, ಎರಡು ಹವಾಮಾನ ಕೇಂದ್ರಗಳು. ಮದುವೆಯಾಗಿ ದ್ವೀಪಕ್ಕೆ ಹೋದ ಮೊದಲ ವರ್ಷ ನಾನು ಒಣ ಊರಿನ ಪೆದ್ದಿ, ಮೊದಲ ಮಳೆ ಬರುವ ಮುಂಚೆ ನೀಟಾಗಿರಲಿ ಅಂತ ಬಟ್ಟೆಯೆಲ್ಲ ಮಡಿಸಿಟ್ಟು ಮರದ ಬೀರುವಿನ ಬಾಗಿಲು ಬಿಗಿಯಾಗಿ ಮುಚ್ಚಿದೆ, ಮೂರನೇ ದಿನ ತೆಗೆಯಲು ಹೋದರೆ ಕೈಗೆ ಹಿಡಿಕೆಯೇ ಬಂತು, ಮರ ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಒಂದೇ ಆಗಿ ಹೋಗಿತ್ತು, ಅಯ್ಯೋ ಅತ್ತಿಗೆ, ಎರಡು ಬೆರಳು ಬಿಡಬೇಕು ಅಂತ ನಿಮಗೆ ಯಾರೂ ಹೇಳಲಿಲ್ವಾ, ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಇನ್ನು ಬಿಸಿಲು ಬಂದಾಗಲೇ ಅದು ತೆಗೆಯೋದು, ಆ ಮಳೆಗಾಲವಿಡೀ ನಾನು ಅವಳ ಲಂಗ, ಅವನ ಅಂಗಿ ಹಾಕಿಕೊಂಡು ಓಡಾಡಿದೆ, ತೋಳು ಮೊಣಕೈ ದಾಟಿ ಇಳಿಯುತ್ತಿತ್ತು, ಅಂಗಿಗೆ ಡೀಸೆಲ್ ವಾಸನೆ, ಅಷ್ಟು ಸುಖವಾಗಿ ಯಾವ ಬಟ್ಟೆಯಲ್ಲೂ ಇದ್ದದ್ದಿಲ್ಲ. ಮುಂದಿನ ವರ್ಷ ಮೋಡ ಕಟ್ಟುತ್ತಿದ್ದ ಹಾಗೇ ಅವನು ಒಂದು ಮರದ ತುಂಡು ತಂದು ಬೆಣೆ ಕೆತ್ತಿದ, ಬೀರುವಿನ ಸಂದಿಗೆ ತನ್ನ ಎರಡು ಬೆರಳು ತೂರಿಸಿ ಅಳತೆ ನೋಡಿದ, ಇಷ್ಟು, ಅಂದ, ಇಷ್ಟಿದ್ದರೆ ಗಾಳಿ ಆಡುತ್ತೆ, ಆಮೇಲೆ ಬೆರಳು ತೆಗೆದು ಅಲ್ಲಿ ಬೆಣೆ ಇಟ್ಟ, ಪ್ರತಿ ವರ್ಷ ಇಟ್ಟ, ನಾನು ಇಲ್ಲಿಗೆ ಬಂದ ಮೇಲೂ ಇಟ್ಟ, ನಿನ್ನ ಬೀರುವಿಗೆ ಬೆಣೆ ಕೊಟ್ಟಿದೀನಿ, ಅಂತ ಪ್ರತಿ ಸಲ ಹೇಳುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ, ಹವೆಯ ಸುದ್ದಿಯ ಹಾಗೆ, — ಸ್ಟಾಪು, ಇಳಿಯಬೇಕು, ಸ್ವಲ್ಪ ಜಾಗ ಬಿಡಿ.

ಕೋಣೆ ಸುಟ್ಟ ಇಟ್ಟಿಗೆಯ ವಾಸನೆ ಹೊಡೆಯುತ್ತಿದೆ, ಬೆಳಿಗ್ಗೆ ಒರೆಸಿದ ನೆಲದ ಮೇಲೆ ಆಗಲೇ ಪುಡಿ, ಬಾಗಿಲ ಹತ್ತಿರ ಚೀಲ ಅರ್ಧ ತುಂಬಿ ಕೂತಿದೆ, ನಿನ್ನೆ ಎರಡು ಸೀರೆ ಇಟ್ಟೆ, ಬೆಳಿಗ್ಗೆ ಒಂದು ತೆಗೆದೆ, ಉಸಿರಿನ ಪಂಪು ಮೇಲೇ ಇದೆ, ಇಲ್ಲಿಗೆ ಬಂದ ಮೇಲೆ ಅದನ್ನು ಒತ್ತಿದ್ದೇ ಇಲ್ಲ, ಇಲ್ಲಿ ಮೂಗಿನಿಂದ ರಕ್ತ ಬರುತ್ತದೆ, ಹಿಮ್ಮಡಿ ಒಡೆಯುತ್ತದೆ, ಕೂದಲು ಬಾಚಣಿಗೆಗೆ ಚಿಟಿಚಿಟಿ ಅನ್ನುತ್ತದೆ, ಆದರೆ ಉಸಿರು, ಉಸಿರು ಮಾತ್ರ ನಲ್ಲಿಯ ನೀರಿನ ಹಾಗೆ ಬರುತ್ತದೆ ಹೋಗುತ್ತದೆ, ಕೇಳಬೇಕಾಗಿಯೇ ಇಲ್ಲ. ಮರ ಉಬ್ಬುತ್ತಲ್ಲ ತಾಯಿ, ಹಾಗೇ ನಿಮ್ಮ ಎದೆಯೊಳಗಿನ ನಾಳಗಳೂ ಉಬ್ಬುತ್ತವೆ, ಅಂದಿದ್ದರು ಡಾಕ್ಟರು, ಒಣ ಹವೆಗೆ ಹೋಗಿ, ಆರು ತಿಂಗಳು ನೋಡೋಣ, ಹಾಗಾದರೆ ಎದೆಗೂ ಎರಡು ಬೆರಳು ಬಿಡಬೇಕಿತ್ತು ಅಂದಿದ್ದೆ ನಾನು, ಅವನೊಬ್ಬ ನಗಲಿಲ್ಲ. ಹೇಗೆ ನಗುತ್ತಾನೆ, ನನ್ನ ಉಸಿರು ಕಟ್ಟಿದ ಆ ಮಳೆಗಾಲ ಮುಚ್ಚಿದ ಸಮುದ್ರದ ಮೇಲೆ ಲಾಂಚು ಇಳಿಸಿದವನು ಅವನು, ಹೋಗಬೇಡವೋ ಮಾರಾಯ, ಇಬ್ಬರೂ ಉಳಿಯಲ್ಲ ಅಂತ ಕಟ್ಟೆಯ ಮೇಲೆ ನಿಂತವರೆಲ್ಲ ಕೂಗುತ್ತಿದ್ದರು, ನನ್ನ ಎದೆಯೊಳಗೆ ಯಾರೋ ಉಬ್ಬಿದ ಬಾಗಿಲನ್ನು ಎಳೆದ ಹಾಗೆ ಕಿರ್ ಕಿರ್, ಒಂದು ಕೈ ಚಕ್ರದ ಮೇಲೆ, ಇನ್ನೊಂದು ಕೈಯ ಎರಡು ಬೆರಳು ನನ್ನ ಮೂಗಿನ ಕೆಳಗೆ, ಬರ್ತಿದೆ, ಬರ್ತಿದೆ, ಅನ್ನುತ್ತಿದ್ದ, ನನಗಲ್ಲ, ತನಗೇ, ದಡ ಮುಟ್ಟುವ ತನಕ ಆ ಬೆರಳು ತೆಗೆಯಲಿಲ್ಲ. ಅವನೂ ಇಲ್ಲಿಗೆ ಬಂದು ನೋಡಿದ, ನಾಲ್ಕು ದಿನ, ಮುಖದ ಸಿಪ್ಪೆ ಏಳುತ್ತಿತ್ತು, ಬಕೆಟ್ಟಿನಲ್ಲಿ ನೀರು ತುಂಬಿ ಮಂಚದ ಪಕ್ಕ ಇಟ್ಟುಕೊಂಡು ಮಲಗಿದ, ಇಲ್ಲಿ ಗಾಳಿಗೆ ವಾಸನೆಯೇ ಇಲ್ಲವಲ್ಲೇ, ಅಂದ, ಯಾವ ಕಡೆ ತಿರುಗಿ ನಿಂತಿದೀನಿ ಅಂತ ಗೊತ್ತಾಗಲ್ಲ, ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಏನೋ ಹೇಳಲು ಹೋಗಿ, ನೀರು ಕುಡೀತಿರು, ಅಂದ. ಹೋಗಲೇಬೇಕು. ಹೋದರೆ ಮಳೆಗಾಲವಿಡೀ ಅವನ ಅಂಗಿ, ಅವನ ಡೀಸೆಲ್ಲು, ಒದ್ದೆ ದಿಂಬು, ಬಗ್ಗುವ ಬಿಸ್ಕತ್ತು, ಮತ್ತೆ ಒಂದು ದಿನ ಆ ಕಿರ್ ಕಿರ್, ಮತ್ತೆ ಮುಚ್ಚಿದ ಸಮುದ್ರ, ಮತ್ತೆ ಆ ಬೆರಳು. ಹೋಗದಿದ್ದರೆ ಉಸಿರು. ಬರೀ ಉಸಿರು. ಆ ಸೀರೆ ಮತ್ತೆ ಚೀಲಕ್ಕೆ, ರೈಲಿಗೆ ಇನ್ನೂ ಹೊತ್ತಿದೆ, — ಫೋನು, ಅವನಲ್ಲ, ನಾದಿನಿ, ಅತ್ತಿಗೆ ಕೇಳಿಸ್ತಿದೆಯಾ, ಮಳೆ ಶುರುವಾಯ್ತು ಇಲ್ಲಿ, ಹಂಚಿನ ಮೇಲೆ ಸದ್ದು ಕೇಳ್ತಿದೆಯಾ, ಕೇಳುತ್ತಿದೆ, ಒಳ್ಳೆ ತೋಯಿಸಿತು ಕಣ್ರೀ, ನಾಳೆ ಬರ್ತಿದೀರಲ್ವಾ, ಅಣ್ಣನ್ನ ಕೇಳಿದ್ರೆ ಬಾಯೇ ಬಿಡಲ್ಲ, ಈಗಷ್ಟೇ ನಿಮ್ಮ ಬೀರು ಮುಚ್ಚಿಬಿಟ್ಟ. ಮುಚ್ಚಿದನಾ. ಹೂಂ ಅತ್ತಿಗೆ, ಮಳೆ ಬಂತಲ್ಲೋ ಅಂದೆ, ಎರಡು ಬೆರಳು ಬಿಡೋ ಅಂದೆ, ಕೇಳಲಿಲ್ಲ, ಭುಜ ಕೊಟ್ಟು ಒತ್ತಿದ. ಬೆಣೆ, ಬೆಣೆ ಎಲ್ಲಿ. ಕಿಸೆಗೆ ಹಾಕ್ಕೊಂಡು ಲಾಂಚಿನ ಕಡೆ ಹೋದ, ಊಟಾನೂ ಮಾಡಿಲ್ಲ, ಅವಳು ಅಲ್ಲೇ ಚೆನ್ನಾಗಿ ಉಸಿರಾಡ್ತಿದಾಳೆ ಅಂದ ಅಷ್ಟೇ, ನನಗೇನೂ ಅರ್ಥ ಆಗಲಿಲ್ಲ, ಅದಕ್ಕೇ ಫೋನು ಮಾಡಿದೆ, ನೀವು ಬರೋದಾದ್ರೆ ಈಗಲೇ ಹೇಳಿಬಿಡಿ, ಇನ್ನೂ ಎಳೆದ್ರೆ ಬರುತ್ತೆ, ನಾನೇ ಎಳೀತೀನಿ, ರಾತ್ರಿ ಕಳೆದ್ರೆ ನನ್ನ ಕೈಲಾಗಲ್ಲ, ಅತ್ತಿಗೆ, ತೆಗೀಲಾ, ಬೇಡ್ವಾ, — ಹೇಳು, ಏನಾದರೂ ಹೇಳು, ತುಟಿ ಅಂಟಿಕೊಂಡಿದೆ, ಬಿಡಿಸಿದರೆ ಒಡೆಯುತ್ತದೆ, ನನ್ನ ಎರಡು ಬೆರಳು ನನ್ನದೇ ಮೂಗಿನ ಕೆಳಗೆ, ಬರ್ತಿದೆ, ಸಲೀಸಾಗಿ, ಒಣಗಿ, ಬರ್ತಿದೆ, ಅತ್ತಿಗೆ, ಇದೀರಾ, ಹಂಚಿನ ಮೇಲೆ ಮಳೆ, ಕತ್ತಲ ಕೋಣೆಯಲ್ಲಿ ಅವನ ಭುಜ, ಬಾಗಿಲಿನ ಸಂದು, ಅದರೊಳಗೆ ಮಡಿಸಿಟ್ಟ ನನ್ನ ಬಟ್ಟೆ, ಎರಡು ಬೆರಳು, ಒಂದು ಬೆರಳು, ಉಗುರಿನಷ್ಟು, ಉಗುರಿನಷ್ಟು —