ಒಬ್ಬಾಕೀನ ಹೋಗ್ತೀನಿ

ನನಗೆ ಹುಟ್ಟಿನಿಂದ ಕಣ್ಣಿಲ್ಲ. ಸಿಟ್ಟಿಗೇನೂ ಕೊರತೆಯಿಲ್ಲ.

ಎರಡು ಸಾವಿರದ ಒಂದರಲ್ಲಿ ಹೈದರಾಬಾದಿನಲ್ಲಿ ದಿನಕ್ಕೊಂದು ಕಂಪನಿ ತೆರೆಯುತ್ತಿತ್ತು. ನಮ್ಮಪ್ಪ ಮಾಣಿಕಪ್ಪ ಯಾದಗಿರಿಯಿಂದ ಬಂದ ಗೌಂಡಿ. ಅಂಥ ಕಂಪನಿಗಳ ಗೋಡೆ ಕಟ್ಟುತ್ತಿದ್ದ. ಅಂಧರ ಶಾಲೆಯಲ್ಲಿ ಇಂಗ್ಲಿಷೂ ಟೈಪಿಂಗೂ ಕಲಿತಿದ್ದ ನನಗೆ ದಿಲ್‌ಸುಖ್‌ನಗರದಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು. ಉಳಿದವರು ನಾಲ್ಕು ಸಲ ಕೇಳುವುದನ್ನು ನಾನು ಒಂದೇ ಸಲಕ್ಕೆ ಹಿಡಿಯುತ್ತಿದ್ದೆ. ಪಕ್ಕದ ವತ್ಸಲಾ ತನ್ನ ಹೆಡ್‌ಫೋನನ್ನು ನನ್ನ ಕಿವಿಗಿಟ್ಟು, ತೆಲುಗಿನಲ್ಲಿ "ಚೆಪ್ಪಂಡಿ" ಅನ್ನುತ್ತಿದ್ದಳು. ಹೇಳ್ರಿ ಅಂತ! ಹುಟ್ಟಿದಾಗಿನಿಂದ 'ಪಾಪ' ಅನ್ನಿಸಿಕೊಂಡವಳಿಗೆ ಬಹುವಚನ! ತಲೆ ನಿಲ್ಲಲಿಲ್ಲ ನನಗೆ.

ಉಪ್ಪಲ್‌ನ ಮನೆಯಿಂದ ಆಫೀಸಿನ ಗೇಟಿನವರೆಗೆ ಅವ್ವ ಸುಗಲಮ್ಮ ಕೈ ಹಿಡಿದು ಕರೆದೊಯ್ಯುತ್ತಿದ್ದಳು. ಒಂದು ದಿನ ಕೈ ಕೊಸರಿಕೊಂಡೆ.

"ನಾಳಿಂದ ಬರಬ್ಯಾಡ. ಕೋಲೈತಿ, ಒಬ್ಬಾಕೀನ ಹೋಗ್ತೀನಿ."

"ಆತು ಬಿಡವ್ವ."

ಮರುದಿನ ಬಸ್ಸಿನಲ್ಲಿ ಹಿಂದಿನಿಂದ ಗಾಜಿನ ಬಳೆಗಳ ಸದ್ದು. ಅವ್ವನ ಬಳೆ ನನಗೆ ಗೊತ್ತಾಗದೇ? ಜನರೆದುರೇ ಹಾರಾಡಿದೆ.

"ನಿನ್ನ ಬಳಿ ಸಪ್ಪಳ ಕೇಳಿದ್ರ ಮೈ ಉರೀತೈತಿ! ನಾ ಏನು ಕೂಸೇನು?"

ಆಮೇಲೆ ದಾರಿಯಲ್ಲಿ ಆ ಸದ್ದು ಕೇಳಲಿಲ್ಲ. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವಾಗ ಮಾತ್ರ ಕೇಳುತ್ತಿತ್ತು. ನಾಲ್ಕು ತಿಂಗಳು ಒಬ್ಬಳೇ ಹೋದೆ, ಒಬ್ಬಳೇ ಬಂದೆ. "ಮಾಣಿಕಪ್ಪನ ಮಗಳು ಒಬ್ಬಾಕೀನ ನೌಕರಿಗೆ ಹೋಗ್ತಾಳ" ಎಂದು ಓಣಿಯವರು ಅಂದಾಗ ಎಷ್ಟು ಬೀಗುತ್ತಿದ್ದೆ!

ಒಂದು ಬೆಳಿಗ್ಗೆ ಅಪ್ಪ ಐದನೇ ಮಹಡಿಯಿಂದ ಬಿದ್ದು ಸತ್ತ. ಅವನ ಜೊತೆಗಾರ ಸಾಬಣ್ಣ ಆಫೀಸಿಗೆ ಬಂದು ನನ್ನನ್ನು ಆಟೋದಲ್ಲಿ ಕೂರಿಸಿದ. ಅವ್ವ ಆಗಲೇ ಒಳಗೆ ಕುಳಿತು ಅಳುತ್ತಿದ್ದಳು. ಮನೆಯಿಂದ ಕರೆತಂದಿರಬೇಕು ಅಂದುಕೊಂಡೆ.

ಸಂಜೆ ಹೆಣ ಮನೆಗೆ ಬಂತು. ಬಳೆ ಒಡೆಯಲು ಹೆಂಗಸರು ಅವ್ವನ ಕೈ ಹಿಡಿದರು. ಸೋದರತ್ತೆ ಶರಣಬಸಮ್ಮ ಚೀರಿದಳು.

"ಅಯ್ಯ ಶಿವನೇ! ಕೈ ಬರಿದ ಅದಾವಲ್ಲ! ಗಂಡ ಇದ್ದಾಗನ ಬಳಿ ತಗದು ಸೆರಗಿನಾಗ ಕಟ್ಟ್ಯಾಳ! ನನ್ನ ತಮ್ಮನ್ನ ನುಂಗಿದ್ಲು!"

ಸೆರಗಿನ ಗಂಟು ಬಿಚ್ಚಿ ಬಳೆಗಳನ್ನು ನೆಲಕ್ಕೆ ಸುರಿದಳು. ಸಾಬಣ್ಣ ನನ್ನ ಕಿವಿಯಲ್ಲಿ ಹೇಳಿದ:

"ತಂಗಿ, ನಿನಗ ಹೇಳಾಕ ಬಂದಾಗ ನಿಮ್ಮವ್ವ ಆಫೀಸಿನ ಗೇಟಿನ್ಯಾಗ ನಿಂತಿದ್ಲು. ದಿನಾ ನಿನ್ನ ಹಿಂದ ಬಂದು ಹೋಗ್ತಾಳಂತ, ವಾಚ್‌ಮನ್ ಅಂದ."

ನನಗೆ ಸದ್ದು ಕೇಳಬಾರದೆಂದು ತೆಗೆದಿದ್ದಳು. ತಡವರಿಸುತ್ತ ಹೋಗಿ ಅವಳನ್ನು ತಬ್ಬಿದೆ. ಎಲ್ಲರಿಗೂ ಹೇಳಿಬಿಡಲು ಬಾಯಿ ತೆರೆದೆ. ಅವ್ವ ಬರಿಗೈಯಿಂದ ಬಾಯಿ ಮುಚ್ಚಿದಳು.

"ಸುಮ್ಕಿರು ಗಂಗೀ. ನನ್ನ ಬೈದ್ರ ಬೈಲಿ. ನೀ ಒಬ್ಬಾಕೀನ ಹೋಗ್ತಿ ಅಂತ ಮಂದಿ ನಂಬ್ಯಾರ. ಹಂಗ ಇರ್ಲಿ."

ಸುಮ್ಮನಾದೆ. ಅವ್ವನ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದೆ ಎಂದರೆ ಹಸಿ ಸುಳ್ಳು. ಆ ಹೆಸರು ನನಗೂ ಬೇಕಾಗಿತ್ತು. ಥೂ ನನ್ನ ಜನ್ಮಕ್ಕೆ!

ಗಂಡನನ್ನು ನುಂಗಿದವಳು ಬೆಳಿಗ್ಗೆ ಎದುರಾಗಬಾರದೆಂದು ಓಣಿಯವರು ಮುಖ ತಿರುಗಿಸುತ್ತಾರೆ. ಅವ್ವ ಹೊಸ್ತಿಲು ದಾಟುವುದಿಲ್ಲ. ಈಗ ನಾನು ನಿಜವಾಗಿಯೂ ಒಬ್ಬಳೇ ಹೋಗುತ್ತೇನೆ, ದಾರಿ ತಪ್ಪುವುದಿಲ್ಲ. ಸಂಜೆ ಮನೆಗೆ ಬಂದರೆ ಅವ್ವ ಎಲ್ಲಿದ್ದಾಳೆಂದು ತಿಳಿಯುವುದಿಲ್ಲ. ಬಾಗಿಲಲ್ಲೇ ನಿಂತು "ಅವ್ವಾ" ಎಂದು ಕೂಗುತ್ತೇನೆ.