ಹೇಸರಗತ್ತೆಯ ಗಂಟೆ

—ಹಳದಿ ಬಟ್ಟೆ ಇನ್ನೂ ಅಲ್ಲೇ ಬಿದ್ದಿದೆಯಲ್ಲ, ಎತ್ತಿಕೊಳ್ಳುವವರೇ ಇಲ್ಲವೇ, ಎಂದುಕೊಳ್ಳುವಷ್ಟರಲ್ಲಿ ಗಾಳಿ ಬೀಸಿ ಅದು ಮಗ್ಗುಲು ಹೊರಳಿತು, ಬಟ್ಟೆಯಲ್ಲ, ಸಾಸಿವೆ ಮೆತ್ತಿದ ಕಾಗದ, ಯಾರೋ ಸಾಸೇಜು ತಿಂದು ಎಸೆದದ್ದು, ನಲವತ್ತೊಂದು ವರ್ಷ ಇದೇ ಬೆಂಚಿನ ಮೇಲೆ ಕುಳಿತು ಈ ಫುಟ್‌ಬಾಲ್ ಮೈದಾನದ ಹುಲ್ಲನ್ನು ನೋಡಿದ ಕಣ್ಣಿಗೆ ಇಂದು ಆಟದ ತಪ್ಪಿಗೆ ಎಸೆಯುವ ದಂಡದ ಬಟ್ಟೆಗೂ ತಿಂಡಿಯ ಕಾಗದಕ್ಕೂ ಭೇದ ತಿಳಿಯದಂತಾಗಿದೆ, ಆದರೂ ಬಿದ್ದಿರುವ ಜಾಗ ಮಾತ್ರ ಅದೇ, ಗೆಲುವಿನ ಗೆರೆಯಿಂದ ಒಂದೇ ಗಜ, ನನ್ನ ಹೆಂಡತಿ ಮೊಝೆಲ್ ಪರದೆಯ ಬಟ್ಟೆಯನ್ನು ಮೂಗಿನ ತುದಿಯಿಂದ ಬೆರಳ ತುದಿಯವರೆಗೆ ಎಳೆದು ಅಳೆಯುತ್ತಾಳಲ್ಲ, ಅಷ್ಟು, ಅವಳ ಒಂದು ತೋಳಿನಷ್ಟು ನೆಲವನ್ನು ದಾಟಿದ್ದರೆ ಹನ್ನೊಂದು ವರ್ಷಗಳ ಸತತ ಸೋಲಿನ ಅವಮಾನ ಒಂದೇ ಉಸಿರಿಗೆ ತೊಳೆದುಹೋಗುತ್ತಿತ್ತು, ಈಗ ನೋಡು, ಫಲಕದ ದೀಪಗಳನ್ನು ಆರಿಸುವ ಮರ್ಯಾದೆಯೂ ಯಾರಿಗೂ ಇಲ್ಲ, ವಾರ್ಡ್ಲಾ ಇಪ್ಪತ್ತನಾಲ್ಕು, ನಮ್ಮ ಟೊಕಲೂಸಾ ಇಪ್ಪತ್ತು, ನದಿಯಾಚೆಯ ವಾರ್ಡ್ಲಾ ಕಾಲೇಜಿನ ನೀಲಿ ಅಂಗಿಗಳು ನಮ್ಮ ಹುಲ್ಲಿನ ಮೇಲೆ ಅಂಗಾತ ಬಿದ್ದು ಚಿತ್ರ ತೆಗೆದುಕೊಳ್ಳುತ್ತಿವೆ, ಒಬ್ಬಳು ಹಿಡಿ ಹುಲ್ಲು ಕಿತ್ತು ಜೇಬಿಗೆ ಸೇರಿಸುತ್ತಿದ್ದಾಳೆ, ಸೇರಿಸಲಿ, ಅದು ಅವಳ ಅಂಗಳದಲ್ಲಿ ಕಳೆಯಾಗಿ ಹಬ್ಬಿ ಅವಳ ಗುಲಾಬಿಗಳ ಬೇರನ್ನು ಹಿಸುಕಲಿ. ಸೇಡು ದೇವರ ಕೆಲಸ, ಮನುಷ್ಯನದಲ್ಲ ಎಂದು ಮೂವತ್ತು ವರ್ಷ ಚರ್ಚಿನ ಭಾನುವಾರದ ತರಗತಿಯಲ್ಲಿ ಹೇಳಿಕೊಟ್ಟವನು ನಾನು, ಎಲ್ಡ್ರಿಜ್ ಪೆಟಿಗ್ರೂ, ಸಭೆಯ ಹಿರಿಯ, ಆದರೆ ಹನ್ನೊಂದು ವರ್ಷಗಳಿಂದ ಆ ಕೆಲಸ ಹಾಗೆಯೇ ಉಳಿದಿದೆ, ಒಬ್ಬ ವೃದ್ಧ ಸೇವಕ ಒಂದಿಷ್ಟು ಕೈಜೋಡಿಸಿದರೆ ಪ್ರಭು ಬೇಸರಿಸಲಾರ, ಮೊದಲಿಗೆ ಆ ಬಟ್ಟೆ ಎಸೆದ ತೀರ್ಪುಗಾರ, ಅವನು ಎಲ್ಲಿಯೋ ವಿಮೆಯ ಏಜೆಂಟನಂತೆ, ಅವನ ಸ್ವಂತ ಛಾವಣಿ ಆಲಿಕಲ್ಲಿಗೆ ಜರಡಿಯಾಗಲಿ, ಅವನ ಕಂಪನಿಯೇ ಬಂದು ಇದು ನಮ್ಮ ಷರತ್ತಿನೊಳಗೆ ಬರುವುದಿಲ್ಲ ಎನ್ನಲಿ, ಆಮೇಲೆ ನಮ್ಮ ಕೋಚ್, ನಾಳೆ ಚರ್ಚಿನಲ್ಲಿ ಅವನು ಮುಂದಿನ ಬೆಂಚಿನಿಂದ ಹಿಂತಿರುಗಿ ನಿಮಗೆ ಶಾಂತಿಯಿರಲಿ ಎಂದು ಕೈ ಚಾಚುವನು, ಆ ಕ್ಷಣಕ್ಕೆ ಸರಿಯಾಗಿ ನಾನು ಬಗ್ಗಿ ಬೂಟಿನ ದಾರವನ್ನು ಕಟ್ಟಿಕೊಳ್ಳುತ್ತಿರುವೆನು, ದೀರ್ಘವಾಗಿ, ಎರಡೂ ಕಾಲಿನದು, ಸಭೆಯೆಲ್ಲ ನೋಡಲಿ.

ಆದರೆ ಇವರೆಲ್ಲ ಮೆಟ್ಟಿಲುಗಳು, ಗರ್ಭಗುಡಿಯಲ್ಲಿ ಕುಳಿತಿರುವವನು ಬೇರೆ, ಸೆಮಿಸಿ, ಐವತ್ತೆಂಟನೆಯ ಅಂಗಿ, ಚೆಂಡಿನ ಮೇಲೆ ಬಗ್ಗಿ ನಿಂತು ಕಾಲುಗಳ ನಡುವಿನಿಂದ ಅದನ್ನು ಹಿಂದಕ್ಕೆ ಕೊಡುವವನು, ಅವನಿಗಿದ್ದ ಕರ್ತವ್ಯ ಅದೊಂದೇ, ಹಿಂದೆ ನಿಂತವನ ಕೂಗು ಕೇಳುವವರೆಗೆ ಅಲುಗಾಡದಿರುವುದು, ಉಳಿದದ್ದು ಆರು ಸೆಕೆಂಡು, ಕೊನೆಯ ಯತ್ನ, ಹನ್ನೆರಡು ಸಾವಿರ ಜನ ಪ್ರಾರ್ಥನೆಯಲ್ಲಿಯೂ ಇರದಷ್ಟು ಮೌನವಾಗಿ ನಿಂತಿದ್ದೆವು, ಅವನ ಕೈಯಲ್ಲಿದ್ದ ಚೆಂಡು ನಾಲ್ಕು ಬೆರಳಷ್ಟು ಮೇಲೆದ್ದು ಮತ್ತೆ ಕುಳಿತಿತು, ಸೀಟಿ, ಹಳದಿ ಬಟ್ಟೆ, ಕೂಗಿಗೆ ಮುನ್ನ ಅಲುಗಿದ್ದಕ್ಕೆ ದಂಡ, ಐದು ಗಜ ಹಿಂದಕ್ಕೆ, ಒಂದಿದ್ದದ್ದು ಆರಾಯಿತು, ಆರರಿಂದ ಎಸೆದ ಚೆಂಡನ್ನು ನೀಲಿ ಕೈಯೊಂದು ನೆಲಕ್ಕೆ ಹೊಡೆದು ಕೆಡವಿತು, ಮುಗಿಯಿತು. ಮತ್ತು ಸೀಟಿಯ ಮರುಕ್ಷಣ ಆ ಹೆಲ್ಮೆಟ್ಟು ನಮ್ಮತ್ತ ಹೊರಳಿದ್ದು, ತೀರ್ಪುಗಾರನತ್ತ ಅಲ್ಲ, ಕೋಚ್‌ನತ್ತ ಅಲ್ಲ, ಇತ್ತ, ಹದಿನಾಲ್ಕನೆಯ ಭಾಗದತ್ತ, ನಾನು ಕುಳಿತ ಮೆಟ್ಟಿಲುಗಳತ್ತ, ನಾಚಿಕೆ ಬೇಡವೇ ಅವನಿಗೆ, ಮೂರು ವರ್ಷ ನನ್ನ ಮೇಜಿನಲ್ಲಿ ಉಂಡವನಿಗೆ, ದೂರದಿಂದ ಬಂದ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಮನೆಯ ಭಾನುವಾರದ ಊಟ ಎಂದು ಚರ್ಚಿನವರು ಹಂಚಿದಾಗ ನಮಗೆ ಬಂದವನು ಅವನು, ಸಾಗರಮಧ್ಯದ ದ್ವೀಪದವನು, ಮೊದಲ ಭಾನುವಾರವೇ ಅವನ ಭಾರಕ್ಕೆ ಕುರ್ಚಿ ಮುರಿದು ನೆಲದ ಮೇಲೆ ಕುಳಿತುಕೊಂಡೇ, ಮಿಸ್ ಮೊಝೆಲ್, ತಟ್ಟೆಗೇನೂ ಆಗಿಲ್ಲ, ಎಂದು ಎತ್ತಿ ತೋರಿಸಿದವನು, ಆ ಕುರ್ಚಿಗೆ ಕಬ್ಬಿಣದ ಪಟ್ಟಿ ಬಡಿದವನು ನಾನು, ಮಕ್ಕಳಿಲ್ಲದ ಮನೆಯಲ್ಲಿ ಒಂದು ಕುರ್ಚಿ ಒಬ್ಬನದೇ ಎಂದಾಯಿತು. ಇರಲಿ, ಪಟ್ಟಿ ಬಡಿದ ಕೈಗೆ ಕೀಳುವುದೂ ಗೊತ್ತು. ವಾಕ್ಯ ಸಿದ್ಧವಾಗಿದೆ, ಆಟಗಾರರು ಹೊರಬರುವ ಬಾಗಿಲಲ್ಲಿ ಅವನ ಎದುರಿಗೆ ನಿಂತು ಹೇಳುವೆನು, ನಾಳೆ ಬರಬೇಡ, ಅಷ್ಟೇ, ಎರಡು ಪದ, ಕಾರಣ ಕೊಡುವುದಿಲ್ಲ, ಕಾರಣ ಕೊಟ್ಟರೆ ಗಾಯಕ್ಕೆ ಮುಲಾಮು ಕೊಟ್ಟಂತೆ. ಮೊಝೆಲ್ ಆಗಲೇ ಅಲ್ಲಿದ್ದಾಳೆ, ಬಾಳೆಹಣ್ಣಿನ ಪುಡಿಂಗ್ ಹಿಡಿದು, ಆಟ ಮುಗಿದೊಡನೆ ಎದ್ದು, ನನ್ನ ಮೊಣಕಾಲ ಮೇಲಿದ್ದ ಗಂಟೆಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ನಾನು ಮುಂದೆ ಹೋಗಿರ್ತೀನಿ, ಮನಸ್ಸು ತಣ್ಣಗಾದ್ಮೇಲೆ ಬಾ, ಎಂದಳು, ಬೇರೇನೂ ಇಲ್ಲ, ಪ್ರತಿ ಸೋಲಿಗೂ ಒಂದು ಚುಚ್ಚುಮಾತು ಇಟ್ಟುಕೊಂಡಿರುವ ಹೆಂಗಸು ಇಂದು ಬರಿದೇ ಹೋದಳು. ಗಂಟೆ—ಹೌದು, ಗಂಟೆಯನ್ನು ಬಾರಿಸಿದ ಆ ದ್ರೋಹಿಯನ್ನೂ ಬಿಡಕೂಡದು, ನಾನೂ ಕೇಳಿದೆ, ಚೆಂಡು ಅಲುಗುವ ಮುನ್ನ ಒಂದು ಸಣ್ಣ ಸದ್ದು, ಎಲ್ಲಿಯೋ ಹತ್ತಿರದಲ್ಲಿ, ನಮ್ಮ ತಂಡದ ಹೆಸರೇ ಹೇಸರಗತ್ತೆಗಳು, ತಾತಂದಿರು ಹತ್ತಿಯ ಹೊಲ ಉಳುತ್ತಿದ್ದ ಹೇಸರಗತ್ತೆಗಳ ಕೊರಳ ಗಂಟೆಗಳನ್ನು ಮನೆಮನೆಯವರೂ ಇಲ್ಲಿಗೆ ತರುತ್ತೇವೆ, ಶತ್ರುವಿನ ಕೈಯಲ್ಲಿ ಚೆಂಡಿದ್ದರೆ ತೋಳು ಬೀಳುವವರೆಗೆ ಬಾರಿಸುವುದು, ನಮ್ಮವರ ಕೈಯಲ್ಲಿದ್ದರೆ ಗಂಟೆಯ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಉಸಿರೂ ಬಿಡದಿರುವುದು, ಈ ಊರಿನ ಶಿಶುಗಳಿಗೆ ಪ್ರಾರ್ಥನೆಗಿಂತ ಮೊದಲು ಕಲಿಸುವ ವಿಧಿ ಇದು, ಅದನ್ನು ಮುರಿದವನು ಯಾವನು, ಕೆಳಗಿನ ಸಾಲಿನ ಕೆಂಪು ಟೋಪಿಯವನೇ ಇರಬೇಕು, ಅವನ ಬೆರಳುಗಳನ್ನು ಒಂದೊಂದಾಗಿ ಬಾಗಿಲ ಸಂದಿಗೆ ಇಡಬೇಕು.

ಎದ್ದೆ, ಮೊಣಕಾಲು ಸಪ್ಪಳ ಮಾಡಿತು, ಸಿಮೆಂಟಿನ ಇಳಿಜಾರಿನಲ್ಲಿ ನೆಲಗಡಲೆಯ ಸಿಪ್ಪೆ ಕಾಲಡಿ ನುರಿಯುತ್ತಿದೆ, ಮೂರೂವರೆಯ ಚಳಿಗಾಲದ ಬಿಸಿಲು ಕಣ್ಣಿಗೆ ಅಡ್ಡವಾಗಿ, ಮತ್ತು ಕೆಳಗೆ ಕಂಬಕ್ಕೆ ಒರಗಿ ನಿಂತವನು ಹೋಯ್ಟ್, ಮೊಝೆಲ್‌ಳ ತಮ್ಮ, ವಾರ್ಡ್ಲಾದಲ್ಲಿ ಓದಿದವನು, ಅದೇ ಬಿಳಿಯ ಅಗಲ ಟೋಪಿ, ಸೋತ ಮನೆಯವನು ಮರುದಿನ ಬೆಳಿಗ್ಗೆ ಗೆದ್ದವನ ಬಾವುಟವನ್ನು ತನ್ನ ಕೈಯಾರೆ ಜಗುಲಿಗೆ ಕಟ್ಟಿ ಏಳು ದಿನ ಇಟ್ಟುಕೊಳ್ಳಬೇಕೆಂಬ ಒಪ್ಪಂದ ನಮ್ಮಿಬ್ಬರದು, ಹನ್ನೊಂದು ವರ್ಷಗಳಿಂದ ಒಂದೇ ಕಡೆ ವಾಲಿರುವ ಒಪ್ಪಂದ. ಭಾವ, ನಿಮ್ಮನ್ನ ಬೆಂಚಿನಿಂದ ಕೀಳೋಕೆ ಹಾರೆ ತರ್ಬೇಕೇನೋ ಅಂತಿದ್ದೆ, ಎಂದ, ನಾಳೆ ಎಂಟಕ್ಕೆ ಬಾವುಟ ತರ್ತೀನಿ, ಕಟ್ಟೋದನ್ನ ಕೂತು ನೋಡೋ ಕುರ್ಚಿ ನಂದೇ, ಕಾಫಿ ಮಾತ್ರ ನಿಮ್ದು. ಗೆದ್ದೋರ ಕಾಫಿಗೆ ನಮ್ಮನೇಲಿ ಸಕ್ಕರೆ ಹಾಕಲ್ಲ, ಎಂದೆ. ಹನ್ನೊಂದು ವರ್ಷದಿಂದ ಕಹೀನೇ ಕುಡೀತಿದೀನಿ ಭಾವ, ಒಗ್ಗೋಗಿದೆ, ಎಂದು ನಕ್ಕ, ನಗಲಿ, ನಾಳೆಯ ಕಾಫಿಗೆ ಉಪ್ಪು ಬೀಳುವುದು, ದಾಟಿ ಹೋಗುತ್ತಿದ್ದೆ, ಆಗ ಬೆನ್ನ ಹಿಂದಿನಿಂದ, ಅಂದ ಹಾಗೆ, ಕೊನೇಲಿ ಆ ಗಂಟೆ ಬಾರಿಸಿದ ಪುಣ್ಯಾತ್ಮ ಯಾರು ಅಂತ ಗೊತ್ತಾಯ್ತಾ, ನಿಮ್ಮ ಹದಿನಾಲ್ಕನೇ ಭಾಗದಿಂದ್ಲೇ ಬಂತು, ಸಿಕ್ರೆ ಹೇಳಿ, ಬದುಕಿರೋವರೆಗೂ ಅವರ ಮನೆ ಹುಲ್ಲು ನಾನೇ ಕತ್ತರಿಸಿ ಕೊಡ್ತೀನಿ. ಕೆಂಪು ಟೋಪಿಯವನು, ಎನ್ನಲು ಬಾಯಿ ತೆರೆದೆ, ಕೆಂಪು ಟೋಪಿಯವನ ಕೈಯಲ್ಲಿ ಗಂಟೆಯೇ ಇರಲಿಲ್ಲ, ಆಟದ ಮೂರನೆಯ ಪಾದದಲ್ಲಿಯೇ ಅವನು ಅದನ್ನು ಮಗಳಿಗೆ ಕೊಟ್ಟು ಕಳುಹಿಸಿದ್ದನ್ನು ನೋಡಿದ್ದೇನೆ, ಮತ್ತು ಈ ಬಿಳಿಯ ಟೋಪಿ, ಇದನ್ನೂ ನೋಡಿದ್ದೇನೆ, ಆಗಲೇ, ಆ ಆರು ಸೆಕೆಂಡಿನಲ್ಲಿ, ಎಲ್ಲರ ಕಣ್ಣೂ ಚೆಂಡಿನ ಮೇಲಿದ್ದಾಗ ನನ್ನ ಕಣ್ಣು ಮೈದಾನವನ್ನು ದಾಟಿ ಎದುರಿನ ನೀಲಿಯ ನಡುವೆ ಇದನ್ನು ಹುಡುಕುತ್ತಿತ್ತು, ನಾವು ಗೆರೆ ದಾಟಿದೊಡನೆ ಹೋಯ್ಟ್‌ನ ಮುಖ ಕುಸಿಯುವುದನ್ನು ಮೊದಲ ಕ್ಷಣದಿಂದಲೇ ಕಾಣಬೇಕೆಂದು, ಹನ್ನೊಂದು ವರ್ಷ ಬೇಯಿಸಿಟ್ಟ ಆ ರುಚಿಯ ಒಂದು ತುತ್ತೂ ತಪ್ಪಬಾರದೆಂದು, ಸಿಕ್ಕಿತು, ಅಲ್ಲಿದ್ದಾನೆ, ಎಂದು ಕತ್ತು ಚಾಚಿದೆ, ಹಿಡಿತ ಸರಿಯಿರಲೆಂದು ಕೈಗವಸು ಕಳಚಿದ್ದ ಬೆರಳು ಚಳಿಗೆ ಮರಗಟ್ಟಿತ್ತು, ಗಂಟೆಯ ನಾಲಿಗೆ ಜಾರಿತು, ಒಂದು ಸಲ, ಒಂದೇ ಸಲ, ಮತ್ತು ಆ ಹೆಲ್ಮೆಟ್ಟು ನಮ್ಮತ್ತ ಹೊರಳಿತು. ಮೊಝೆಲ್ ಪಕ್ಕದಲ್ಲಿಯೇ ಇದ್ದಳು. ಭಾವ, ಏನಾಯ್ತು, ಬೆಳ್ಳಗಾದ್ರಲ್ಲ, ಎಂದು ಹೋಯ್ಟ್ ಹಿಂದಿನಿಂದ ಕೇಳುತ್ತಲೇ ಇದ್ದಾನೆ, ಅವನ ದನಿಯಲ್ಲಿ ಕುಹಕವಿಲ್ಲ, ಅದಕ್ಕಾಗಿಯೂ ಅವನನ್ನು ಕ್ಷಮಿಸಲಾರೆ.

ನಡೆಯುತ್ತಿದ್ದೇನೆ, ಕಾಲು ಬಾಗಿಲ ದಿಕ್ಕಿಗೇ ಎಳೆಯುತ್ತಿದೆ, ವಾಕ್ಯ ಇನ್ನೂ ನಾಲಿಗೆಯ ಮೇಲಿದೆ, ನಾಳೆ ಬರಬೇಡ, ಬೇರೆ ಹನ್ನೊಂದು ಜನ ಅಲುಗಲಿಲ್ಲವಲ್ಲ, ಎದುರಿನ ನೀಲಿಯವರು ಅಲುಗಲಿಲ್ಲವಲ್ಲ—ಹನ್ನೊಂದಲ್ಲ, ಅವನನ್ನು ಬಿಟ್ಟು ನಮ್ಮವರು ಹತ್ತು, ಲೆಕ್ಕವೂ ತಪ್ಪುತ್ತಿದೆ—ಕಬ್ಬಿಣದಂಥ ಆ ದೇಹಕ್ಕೆ ಒಂದು ಸಣ್ಣ ಸದ್ದನ್ನು ತಡೆದುಕೊಳ್ಳಲಾಗಲಿಲ್ಲವೇ, ಸಾವಿರ ಗಂಟೆಗಳ ಗದ್ದಲದಲ್ಲಿ ಮೂರು ವರ್ಷ ಆಡಿದವನು ಒಂದೇ ಒಂದು ಗಂಟೆಗೆ ಬೆಚ್ಚುವುದೇ, ಅವನದೇ ತಪ್ಪು, ಸೇಡು ನೀರಿನಂತೆ, ಏರಲಾರದು, ತಗ್ಗಿದ್ದ ಕಡೆಗೇ ಹರಿಯುವುದು, ಹರಿಯಲಿ. ಆದರೆ ಆ ಗಂಟೆ ಆಟವಿಲ್ಲದ ದಿನಗಳಲ್ಲಿ ಎಲ್ಲಿರುತ್ತದೆ, ನಮ್ಮ ಅಡುಗೆಮನೆಯ ಹಿಂಬಾಗಿಲಿನ ಮೊಳೆಯಲ್ಲಿ, ಭಾನುವಾರ ಚರ್ಚು ಮುಗಿದು ಮೊಝೆಲ್ ಕೋಳಿಯನ್ನು ಒಲೆಯಿಂದ ಇಳಿಸುವವರೆಗೂ ಅವನೂ ನಾನೂ ಹಿತ್ತಲಿನ ಪೀಕನ್ ಮರದ ಕೆಳಗೆ, ಅವನು ಬಗ್ಗಿ ಚೆಂಡನ್ನು ಹಿಂದಕ್ಕೆ ಕೊಡುವುದು, ನಾನು ಹಿಡಿಯುವುದು, ನನ್ನ ಎದೆಗೆ ಬಂದು ಬಡಿದ ಆ ಚೆಂಡುಗಳ ನೋವೂ ಹಿತವಾಗಿತ್ತು, ಮಿಸ್ಟರ್ ಎಲ್, ಮೆತ್ತಗೆ ಕೊಡ್ಲಾ, ಎಂದು ಕೇಳುವನು, ಮೆತ್ತಗೆ ಬೇಕಾದ್ರೆ ಹೇಳ್ತಿದ್ದೆ, ಕೊಡೋ, ಎನ್ನುವೆನು, ಅಷ್ಟರಲ್ಲಿ ಹಿಂಬಾಗಿಲಿನಿಂದ ಒಂದು ಸದ್ದು, ಮೊಝೆಲ್ ಒಂದೇ ಸಲ ಬಾರಿಸುತ್ತಾಳೆ, ಎರಡನೆಯದಕ್ಕೆ ಕಾಯುವವರಿಗೆ ರೊಟ್ಟಿ ಆರಿರುತ್ತದೆ ಎನ್ನುತ್ತಾಳೆ, ಬಗ್ಗಿದವನ ಕೈಯಲ್ಲಿನ ಚೆಂಡು ನಾಲ್ಕು ಬೆರಳಷ್ಟು ಮೇಲೆದ್ದು ಅಲ್ಲಿಯೇ ಕೂರುತ್ತದೆ, ಅವನ ಮುಖ ಸದ್ದಿನ ಕಡೆಗೆ ಹೊರಳುತ್ತದೆ, ಮೂರು ವರ್ಷ, ಎಷ್ಟು ಭಾನುವಾರ, ಹಾಗೆ ಹೊರಳುವುದನ್ನು ಅವನಿಗೆ ಕಲಿಸಿದವರು ನಾವೇ. ಬಾಗಿಲ ಬಳಿ ತಾಯಂದಿರು, ಪ್ರೇಯಸಿಯರು, ಕ್ಯಾಮೆರಾದವನೊಬ್ಬ, ಮೊಝೆಲ್ ಪುಡಿಂಗಿನ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ, ಅವಳ ಚೀಲದ ಬಾಯಿ ತೆರೆದಿದೆ, ಒಳಗಿನ ಗಂಟೆಗೆ ಕರವಸ್ತ್ರವನ್ನು ತುರುಕಿದ್ದಾಳೆ, ಅಲುಗಿದರೂ ಸದ್ದಾಗದ ಹಾಗೆ, ನನ್ನನ್ನು ನೋಡಿದಳು, ಬಂದ್ಯಾ, ಎಂದಳು ಅಷ್ಟೇ. ಸೆಮಿಸಿ ಬಂದ, ಒದ್ದೆ ಕೂದಲು, ಕೆಂಪಾದ ಕಣ್ಣು, ಕ್ಯಾಮೆರಾದವನು ಅಡ್ಡ ನಿಂತು ಏನಾಯಿತೆಂದು ಕೇಳಿದ, ಏನೂ ಆಗಿಲ್ಲ ಸರ್, ನಾನೇ ಅವಸರ ಮಾಡ್ದೆ, ನಂದೇ ತಪ್ಪು, ಎಂದ, ಗದ್ದಲವೇನಾದರೂ ಕೇಳಿಸಿತೇ ಎಂದು ಕ್ಯಾಮೆರಾದವನು ಬಿಡದೆ ಕೇಳಿದ, ಇಲ್ಲ ಸರ್, ಏನೂ ಕೇಳಿಸ್ಲಿಲ್ಲ, ಎಂದು ಅವನನ್ನು ಪಕ್ಕಕ್ಕೆ ಸರಿಸಿ ನಮ್ಮತ್ತ ಬಂದ, ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಮೊಝೆಲ್ ಅವನ ಕೆನ್ನೆಯನ್ನು ಮುಟ್ಟಿದಳು, ನಾನು, ನಾಳೆ, ಎಂದೆ, ಮೊದಲ ಪದ ಹೊರಬಿತ್ತು, ಎರಡನೆಯದು ಹಲ್ಲಿನ ಹಿಂದೆ ನಿಂತಿತು, ಅವನು ನೆಲ ನೋಡುತ್ತಲೇ, ತಗ್ಗಿದ ದನಿಯಲ್ಲಿ, ಮೊಝೆಲ್‌ಗೂ ಕೇಳಿಸದಷ್ಟು, ಬರ್ತೀನಿ ಮಿಸ್ಟರ್ ಎಲ್, ಗಂಟೆ ಮಾತ್ರ ಬಾರಿಸ್ಬೇಡಿ, ನಾನೇ ಬರ್ತೀನಿ, ಎಂದ, ಮತ್ತೇನೋ ಹೇಳಬೇಕು, ನಾನು ಹೇಳಬೇಕು, ಕ್ಯಾಮೆರಾದವನು ಇನ್ನೂ ಇಲ್ಲಿಯೇ ಇದ್ದಾನೆ, ಈಗಲೇ ಹೇಳಬಹುದು, ಬಾಯಿ ತೆರೆದಿದೆ, ಬೆರಳುಗಳು ಜೇಬಿನಲ್ಲಿ ಇಲ್ಲದ ಗಂಟೆಯ ನಾಲಿಗೆಯೊಂದನ್ನು ಗಟ್ಟಿಯಾಗಿ ಹಿಡಿದಿವೆ, ಹನ್ನೆರಡು ಸಾವಿರ ಜನ ಮೌನವಾಗಿದ್ದಾರೆ, ಒಂದು ಗಜ, ಮತ್ತು ಆ ಹೆಲ್ಮೆಟ್ಟು ನಮ್ಮತ್ತ ಹೊರಳುತ್ತದೆ, ಊಟಕ್ಕೆ ಕರೆದರೆಂಬಂತೆ, ಹೊರಳುತ್ತದೆ—